ಕುಂಬಾರನಿಗೆ ಕೈ ಇದೆ, ದೇವರಿಗೆ?

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ನಾನು ಮೇಷ್ಟ್ರಾಗಿ ಸೇರಿದ ಎರಡನೇ ವರ್ಷ. ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆ ಪಾಠ ಮಾಡುತ್ತಿದ್ದೆ. ಗ್ರಹಗಳು ಸೂರ್ಯನ ಸುತ್ತ ಯಾಕೆ ಸುತ್ತುತ್ತವೆ, ಯಾಕೆ ಸೂರ್ಯನೊಳಗೆ ಬೀಳುವುದಿಲ್ಲ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತಿರುಗಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತಿದ್ದ. 'ಸರ್, ಇದನ್ನೆಲ್ಲ ತಿರುಗಿಸೋಕೆ ದೇವರು ಬೇಕಾ, ಬೇಡ್ವಾ?' ಅಂದ. ಇಡೀ ತರಗತಿ ಕಿಸಕ್ಕನೆ ನಕ್ಕಿತು. ನಾನು ಏನು ಹೇಳಿದೆ ಗೊತ್ತಾ? 'ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ.'

ಕೂತ. ಆ ವರ್ಷ ಪೂರ್ತಿ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎಷ್ಟೋ ವರ್ಷ ಕಳೆದ ಮೇಲೆ ನ್ಯೂಟನ್ ಬಗ್ಗೆ ಓದುತ್ತಿದ್ದಾಗ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಆ ಹುಡುಗ ಕೇಳಿದ್ದು ನ್ಯೂಟನ್ನನದೇ ಪ್ರಶ್ನೆ. ಗ್ರಹಗಳನ್ನು ಸೂರ್ಯ ಮಾತ್ರ ಎಳೆಯುವುದಲ್ಲ, ಅವು ಒಂದನ್ನೊಂದು ಎಳೆಯುತ್ತವೆ. ಹೀಗೆ ಎಳೆದಾಡುತ್ತಾ ಹೋದರೆ ಕಾಲ ಕಳೆದಂತೆ ಕಕ್ಷೆಗಳು ಕೆಡಬೇಕು. ಆಗೊಮ್ಮೆ ಈಗೊಮ್ಮೆ ದೇವರು ಕೈಹಾಕಿ ಸರಿ ಮಾಡಬೇಕಾಗುತ್ತದೆ ಅಂತ ನ್ಯೂಟನ್ ನಂಬಿದ್ದ. 1715ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಇದನ್ನು ಗೇಲಿ ಮಾಡಿದ. ತಾನೇ ಮಾಡಿದ ಗಡಿಯಾರಕ್ಕೆ ಮತ್ತೆ ಮತ್ತೆ ಕೀಲಿ ಕೊಟ್ಟು ರಿಪೇರಿ ಮಾಡುತ್ತಾ ಕೂರುವವನು ಎಂಥ ಕಸುಬುದಾರ ಅನ್ನುವುದು ಅವನ ಪ್ರಶ್ನೆ. ಗಮನಿಸಿ, ಲೈಬ್ನಿಟ್ಸ್ ನಾಸ್ತಿಕನಲ್ಲ. ಅವನು ವಾದ ಮಾಡಿದ್ದು ದೇವರ ಮರ್ಯಾದೆ ಉಳಿಸುವುದಕ್ಕೆ! ಮುಂದೆ 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಲೆಕ್ಕ ಹಾಕಿ ತೋರಿಸಿದ. ಗುರು ಮತ್ತು ಶನಿ ಗ್ರಹಗಳ ಓಟದಲ್ಲಿ ಕಾಣುವ ಏರುಪೇರು ಹಾಳಾಗುತ್ತಾ ಹೋಗುವ ಲಕ್ಷಣವಲ್ಲ, ಸುಮಾರು 900 ವರ್ಷಕ್ಕೊಮ್ಮೆ ಮರಳಿ ಬರುವ ತೂಗಾಟ. ಅಲ್ಲಿ ಯಾರೂ ಕೈಹಾಕಬೇಕಾಗಿರಲಿಲ್ಲ.

ಈ ಕಥೆ ನನಗೆ ಅವತ್ತು ಗೊತ್ತಿದ್ದಿದ್ದರೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದಿತ್ತು. ಗುರುತ್ವಾಕರ್ಷಣೆಯೂ ಇನ್ನಷ್ಟು ಚೆನ್ನಾಗಿ ತಲೆಗೆ ಹೋಗುತ್ತಿತ್ತು. ದೇವರಿದ್ದಾನೆ, ಇಲ್ಲ ಅಂತ ನಾನು ತೀರ್ಪು ಕೊಡುವ ಪ್ರಮೇಯವೇ ಇರಲಿಲ್ಲ. ಇವತ್ತು ನನ್ನ ವಾದ ಇಷ್ಟೇ. ದೇವರ ಬಗೆಗಿನ ವಾದಗಳನ್ನು ಶಾಲೆಗೆ ತರೋಣ, ತೀರ್ಪನ್ನು ಹೊರಗೇ ಬಿಡೋಣ. ವಾದ ತರುವಾಗ ಅದರ ಎದುರಾಳಿಯನ್ನೂ ಕೈಹಿಡಿದು ಒಳಗೆ ಕರೆದುಕೊಂಡು ಬರೋಣ.

ಈ ವಿಷಯದಲ್ಲಿ ಜಗಳ ಶುರುವಾಗುವುದೇ 'ಸಾಕ್ಷಿ ಎಲ್ಲಿ?' ಅನ್ನುವ ಮಾತಿನಿಂದ. ಆದರೆ ಯಾವುದನ್ನು ಸಾಕ್ಷಿ ಅಂತ ಒಪ್ಪಬೇಕು ಅನ್ನುವುದನ್ನು ನಾವು ಮಾತಾಡುವುದೇ ಇಲ್ಲ. ಹಳೆಯ ತರ್ಕದವರು ಮೊದಲು ಅದನ್ನೇ ಇತ್ಯರ್ಥ ಮಾಡಿಕೊಳ್ಳುತ್ತಿದ್ದರು. ಚಾರ್ವಾಕರು ಕಣ್ಣಿಗೆ ಕಂಡದ್ದು, ಅಂದರೆ ಪ್ರತ್ಯಕ್ಷ ಮಾತ್ರ ಸಾಕು ಅಂದರು. ನ್ಯಾಯ ದರ್ಶನದವರು ನಾಲ್ಕು ಒಪ್ಪಿದರು: ಪ್ರತ್ಯಕ್ಷ, ಅನುಮಾನ, ಉಪಮಾನ ಅಂದರೆ ಹೋಲಿಕೆ, ಶಬ್ದ ಅಂದರೆ ನಂಬಬಹುದಾದವರ ಮಾತು. ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ. ಹೊಗೆ ಕಂಡು ಬೆಂಕಿ ಇದೆ ಅನ್ನುತ್ತೇವಲ್ಲ, ಅದು. ನಾನು ಮಕ್ಕಳಿಗೆ ಎರಡು ಪ್ರಶ್ನೆ ಕೇಳುತ್ತಿದ್ದೆ. ನಿನ್ನ ಮುತ್ತಜ್ಜಿಗೂ ಒಬ್ಬ ಮುತ್ತಜ್ಜಿ ಇದ್ದಳು ಅಂತ ನಿನಗೆ ಹೇಗೆ ಗೊತ್ತು? ನೋಡಿಲ್ಲ, ಲೆಕ್ಕ ಹಾಕಿ ಹೇಳುತ್ತೀಯ. ಅದು ಅನುಮಾನ. ನೀನು ಹುಟ್ಟಿದ ದಿನ ಯಾವುದು ಅಂತ ಹೇಗೆ ಗೊತ್ತು? ಆವತ್ತು ನೀನು ಅಲ್ಲೇ ಇದ್ದೆ, ಆದರೂ ನಿನಗೆ ನೆನಪಿಲ್ಲ, ಅಮ್ಮ ಹೇಳಿದ್ದು. ಅದು ಶಬ್ದ. ಇಷ್ಟಾದ ಮೇಲೆ 'ಕಣ್ಣಿಗೆ ಕಾಣಲ್ಲ, ಅದಕ್ಕೇ ಇಲ್ಲ' ಅನ್ನುವ ಹುಡುಗನೂ, 'ದೊಡ್ಡವರು ಹೇಳಿದ್ದಾರೆ, ಅದಕ್ಕೇ ಇದೆ' ಅನ್ನುವ ಹುಡುಗಿಯೂ ಸ್ವಲ್ಪ ತಡೆದು ಮಾತಾಡುತ್ತಿದ್ದರು.

ಈಗ ಉದಯನನ ಕಡೆ ಬರೋಣ. ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯಲ್ಲಿದ್ದ ದೊಡ್ಡ ತಾರ್ಕಿಕ. ಈಶ್ವರ ಇದ್ದಾನೆ ಅಂತ ಸಾಧಿಸುವುದಕ್ಕೇ ನ್ಯಾಯಕುಸುಮಾಂಜಲಿ ಅನ್ನುವ ಇಡೀ ಗ್ರಂಥ ಬರೆದವನು. ಅವನ ಬಗ್ಗೆ ಒಂದು ದಂತಕಥೆ ಇದೆ. ಪುರಿಯ ಜಗನ್ನಾಥನ ದರ್ಶನಕ್ಕೆ ಹೋದಾಗ ಗುಡಿಯ ಬಾಗಿಲು ಮುಚ್ಚಿತ್ತಂತೆ. ಇವನಿಗೆ ಸಿಟ್ಟು ಬಂತು. 'ಐಶ್ವರ್ಯದ ಮದದಲ್ಲಿ ನನ್ನನ್ನೇ ಕಡೆಗಣಿಸ್ತೀಯಾ? ನಾಳೆ ಬೌದ್ಧರು ವಾದಕ್ಕೆ ಬಂದರೆ ನೀನು ಉಳಿಯೋದು ನನ್ನ ಕೈಯಲ್ಲಿದೆ' ಅಂದನಂತೆ. ನಡೆದದ್ದೋ ಇಲ್ಲವೋ, ದಂತಕಥೆ ದಂತಕಥೆಯೇ. ಆದರೆ ಅಂಥ ಭಕ್ತಿಯನ್ನು ಎಲ್ಲಿ ನೋಡುತ್ತೀರಿ ಹೇಳಿ!

ಉದಯನನ ಮೊದಲ ವಾದ ನಮಗೆಲ್ಲ ಗೊತ್ತಿರುವಂಥದ್ದೇ. ಮಡಕೆ ಇದ್ದರೆ ಕುಂಬಾರ ಇರಲೇಬೇಕು. ಭೂಮಿಯೂ ಮಡಕೆಯ ಹಾಗೆ ಉಂಟಾದ ವಸ್ತು. ಆದ್ದರಿಂದ ಅದಕ್ಕೂ ಒಬ್ಬ ಕರ್ತೃ ಇರಬೇಕು. ಇದನ್ನು ನಾನು ಒಂದು ಮಣ್ಣಿನ ಕುಡಿಕೆ ಹಿಡಿದುಕೊಂಡೇ ತರಗತಿಯಲ್ಲಿ ಹೇಳಿದೆ. ಕುಡಿಕೆಯನ್ನು ಮೇಜಿನ ಮೇಲಿಟ್ಟು 'ಏನು ಹೇಳ್ತೀರಿ?' ಅಂದೆ. ತುಂಬ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಹುಡುಗಿ ಬಂದು ಕುಡಿಕೆ ಎತ್ತಿಕೊಂಡು ಒಳಗೆ ಬೆರಳಾಡಿಸಿದಳು. ತಿಗರಿ ತಿರುಗುವಾಗ ಬೆರಳು ಎಳೆದ ಗೆರೆಗಳು ಒಳಗೆ ಸುರುಳಿ ಸುರುಳಿಯಾಗಿ ಇದ್ದವು. 'ಸರ್, ಇಲ್ಲಿ ಕೈಯ ಗುರುತಿದೆ. ಕುಂಬಾರನಿಗೆ ಕೈ ಇದೆ. ದೇವರಿಗೆ?' ಅಂದಳು.

ನಾನು ಅವಳಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಇದು ಸುಮಾರು ಏಳನೇ ಶತಮಾನದ ಕುಮಾರಿಲ ಭಟ್ಟನ ಆಕ್ಷೇಪ. ಮಡಕೆ ಮಾಡುವವನಿಗೆ ದೇಹ ಬೇಕು. ಜಗತ್ತು ಹುಟ್ಟುವ ಮೊದಲು ದೇವರಿಗೆ ದೇಹ ಎಲ್ಲಿಂದ ಬಂತು? ದೇಹ ಇದ್ದರೆ ಅದನ್ನು ಮಾಡಿದವರು ಯಾರು? ಕುಮಾರಿಲ ವೇದವನ್ನು ಪೂರ್ತಿ ಒಪ್ಪಿದ ಮೀಮಾಂಸಕ ಅನ್ನುವುದು ನೆನಪಿರಲಿ. 'ಪ್ರಯೋಜನಮನುದ್ದಿಶ್ಯ ನ ಮಂದೋಽಪಿ ಪ್ರವರ್ತತೇ' ಅಂತ ಭಾಷಣಗಳಲ್ಲಿ ಸಲೀಸಾಗಿ ಹೇಳುತ್ತೇವಲ್ಲ, ಲಾಭ ಕಾಣದೆ ದಡ್ಡನೂ ಕೆಲಸಕ್ಕೆ ಇಳಿಯುವುದಿಲ್ಲ ಅಂತ. ಆ ಸಾಲು ಕುಮಾರಿಲನದು. ಅವನು ಅದನ್ನು ಹೇಳಿದ್ದೇ ಸೃಷ್ಟಿಕರ್ತನ ವಿರುದ್ಧ. ಏನೂ ಕೊರತೆ ಇಲ್ಲದ ದೇವರು ಯಾವ ಪ್ರಯೋಜನಕ್ಕೆ ಜಗತ್ತು ಮಾಡಿದ ಅಂತ ಕೇಳುವಾಗ. ಇದನ್ನು ತಿಳಿದಾಗ ನನಗೆ ನಗು ಬಂತು, ಯಾಕೆಂದರೆ ನಾನು ಅದನ್ನು ಕೇಳಿದ್ದು ಹೆಚ್ಚಾಗಿ ಸನ್ಮಾನ ಸಮಾರಂಭಗಳಲ್ಲಿ.

ಇನ್ನೂ ಮಜಾ ಇದೆ. ರಾಮಾನುಜರು. ಅವರ ಭಕ್ತಿಯ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿಲ್ಲ. ಆದರೆ ಶ್ರೀಭಾಷ್ಯದಲ್ಲಿ ಅವರು ಈ ಕುಂಬಾರನ ವಾದವನ್ನು ಬಿಡಿಸಿ ಬಿಡಿಸಿ ಕೆಡವುತ್ತಾರೆ. ದೊಡ್ಡ ಕಟ್ಟಡವನ್ನು ಒಬ್ಬನೇ ಕಟ್ಟುತ್ತಾನಾ? ಹಲವರು ಸೇರಿ ಕಟ್ಟುತ್ತಾರೆ. ಒಂದೇ ಸಲಕ್ಕೆ ಕಟ್ಟುತ್ತಾರಾ? ಬೇರೆ ಬೇರೆ ಕಾಲದಲ್ಲಿ ಕಟ್ಟಿದ್ದೂ ಇರಬಹುದು. ಹಾಗಾದರೆ ಜಗತ್ತನ್ನು ನೋಡಿ ಒಬ್ಬನೇ ದೇವರು, ಒಂದೇ ಸಲ ಮಾಡಿದ ಅಂತ ಹೇಗೆ ಊಹಿಸುತ್ತೀರಿ? ಅವರ ತೀರ್ಮಾನ: ದೇವರನ್ನು ತರ್ಕದಿಂದ ಹಿಡಿಯಲಾಗದು, ಶಾಸ್ತ್ರದಿಂದಲೇ ತಿಳಿಯಬೇಕು. ಈಗ 1779ಕ್ಕೆ ಬನ್ನಿ. ಸ್ಕಾಟ್‌ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೀರಿಕೊಂಡು ಮೂರು ವರ್ಷಕ್ಕೆ ಧರ್ಮದ ಬಗ್ಗೆ ಅವನು ಬರೆದ ಸಂವಾದಗಳು ಅಚ್ಚಾದವು. ಅಲ್ಲೂ ಅದೇ ಪ್ರಶ್ನೆ: ಒಂದು ಮನೆ, ಒಂದು ಹಡಗು ಕಟ್ಟುವುದಕ್ಕೆ ಎಷ್ಟೊಂದು ಜನ ಸೇರುತ್ತಾರೆ, ಜಗತ್ತಿಗೆ ಮಾತ್ರ ಒಬ್ಬನೇ ಯಾಕೆ? ಇಬ್ಬರ ನಡುವೆ ಆರುನೂರಕ್ಕೂ ಜಾಸ್ತಿ ವರ್ಷ. ಒಬ್ಬರು ಪರಮ ಭಕ್ತರು, ಇನ್ನೊಬ್ಬ ಊರೆಲ್ಲ ನಾಸ್ತಿಕ ಅಂದುಕೊಂಡಿದ್ದವನು. ಒಂದೇ ಮಡಕೆಗೆ ಇಬ್ಬರೂ ಒಂದೇ ಕಡೆ ತೂತು ಕೊರೆದಿದ್ದಾರೆ.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಇದೆ. ಈ ಚರ್ಚೆ ಅಂದ ತಕ್ಷಣ ನಾವು ಎರಡು ಗುಂಪು ಮಾಡಿಬಿಡುತ್ತೇವೆ. ಈ ಕಡೆ ಆಸ್ತಿಕರು, ಆ ಕಡೆ ನಾಸ್ತಿಕರು. ಆದರೆ ಒಂದು ವಾದ ಕೆಟ್ಟದು ಅನ್ನುವುದಕ್ಕೆ ನಾಸ್ತಿಕನೇ ಆಗಬೇಕಿಲ್ಲ. ವಾದ ಬಿದ್ದರೆ ದೇವರೂ ಬಿದ್ದ ಅಂತ ಅಲ್ಲ. ಆ ವಾದ ಮಾತ್ರ ಬಿತ್ತು. ಹದಿನಾಲ್ಕು ವರ್ಷದ ಮಗುವಿಗೆ ಇದು ಅರ್ಥವಾದರೆ, ಬೇರೆ ನೂರು ವಿಷಯಗಳಲ್ಲಿ ಅದು ಮೋಸ ಹೋಗುವುದು ತಪ್ಪುತ್ತದೆ.

ಪಶ್ಚಿಮದವರದ್ದು ಎರಡೇ ಉದಾಹರಣೆ ಹೇಳುತ್ತೇನೆ. ಹನ್ನೊಂದನೇ ಶತಮಾನದಲ್ಲಿ ಆನ್ಸೆಲ್ಮ್ ಅನ್ನುವ ಪಾದ್ರಿ ಒಂದು ವಿಚಿತ್ರ ವಾದ ಹೂಡಿದ. ದೇವರು ಅಂದರೆ ಅದಕ್ಕಿಂತ ದೊಡ್ಡದನ್ನು ಊಹಿಸಲಾಗದ್ದು. ಬರೀ ಮನಸ್ಸಿನಲ್ಲಿರುವುದಕ್ಕಿಂತ ನಿಜವಾಗಿ ಇರುವುದು ದೊಡ್ಡದು. ಆದ್ದರಿಂದ ದೇವರು ಇರಲೇಬೇಕು. ಕೇಳಿದರೆ ಕಣ್ಕಟ್ಟಿನ ಹಾಗಿದೆ ಅಲ್ವಾ? ಗೌನಿಲೋ ಅನ್ನುವ ಇನ್ನೊಬ್ಬ ಸನ್ಯಾಸಿಗೂ ಹಾಗೇ ಅನ್ನಿಸಿತು. ಇದೇ ದಾರಿಯಲ್ಲಿ ಹೋದರೆ ಎಲ್ಲಕ್ಕಿಂತ ಶ್ರೇಷ್ಠವಾದ ಒಂದು ದ್ವೀಪವೂ ಎಲ್ಲೋ ಇರಲೇಬೇಕಾಗುತ್ತದಲ್ಲ ಅಂತ ಬರೆದ. ಆನ್ಸೆಲ್ಮ್ ಮಾಡಿದ ಕೆಲಸ ನೋಡಿ. ಗೌನಿಲೋನ ಆಕ್ಷೇಪಕ್ಕೆ ಉತ್ತರ ಬರೆದು, ಮುಂದೆ ತನ್ನ ಪುಸ್ತಕವನ್ನು ಯಾರು ಪ್ರತಿ ಮಾಡಿದರೂ ಆಕ್ಷೇಪ, ಉತ್ತರ ಎರಡನ್ನೂ ಕೊನೆಗೆ ಸೇರಿಸಬೇಕು ಅಂತ ಹೇಳಿದ. ನಮ್ಮವರ ಪೂರ್ವಪಕ್ಷ, ಸಿದ್ಧಾಂತದ ಪದ್ಧತಿಯೂ ಇದೇ ಜಾತಿಯದು. ಎದುರಾಳಿಯ ಮಾತನ್ನು ಮೊದಲು ಗಟ್ಟಿಯಾಗಿ ಹೇಳು, ಆಮೇಲೆ ನಿನ್ನದು. ಪಠ್ಯಪುಸ್ತಕ ಮಾಡುವವರು ಇದನ್ನೊಂದು ಕಲಿತರೆ ಸಾಕು ಅನ್ನಿಸುತ್ತದೆ ನನಗೆ.

ಎರಡನೆಯದು ಪೇಲಿ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಕುಂಬಾರನ ಜಾಗದಲ್ಲಿ ಗಡಿಯಾರದವನನ್ನು ತಂದ. ಬಯಲಿನಲ್ಲಿ ಗಡಿಯಾರ ಬಿದ್ದಿದ್ದರೆ ಮಾಡಿದವನು ಇದ್ದಾನೆ ಅನ್ನುತ್ತೇವೆ, ಹಾಗಾದರೆ ಕಣ್ಣನ್ನು ನೋಡಿ ಏನನ್ನಬೇಕು ಅಂತ ಕೇಳಿದ. ಕೇಂಬ್ರಿಜ್‌ನಲ್ಲಿ ಪೇಲಿಯನ್ನು ಓದಿ, ಯೂಕ್ಲಿಡ್‌ನಷ್ಟೇ ಖುಷಿ ಕೊಟ್ಟ ತರ್ಕ ಅಂತ ಮುಂದೆ ನೆನಪಿಸಿಕೊಂಡ ವಿದ್ಯಾರ್ಥಿ ಯಾರು ಗೊತ್ತಾ? ಚಾರ್ಲ್ಸ್ ಡಾರ್ವಿನ್. 1859ರಲ್ಲಿ ಗಡಿಯಾರದವನ ಕೆಲಸವನ್ನು ನಿಸರ್ಗದ ಆಯ್ಕೆಗೆ, ಅಂದರೆ ಪರಿಸರಕ್ಕೆ ಹೊಂದುವ ಜೀವಿಗಳೇ ಹೆಚ್ಚಾಗಿ ಉಳಿದು ಬೆಳೆಯುವ ಕ್ರಮಕ್ಕೆ ವಹಿಸಿದವನೂ ಅವನೇ. ಪೇಲಿಯ ಪ್ರಶ್ನೆ ತಲೆಯಲ್ಲಿ ಇದ್ದದ್ದಕ್ಕೇ ಉತ್ತರ ಹುಡುಕಿದ. ದೇವರ ವಾದ ಓದಿದರೆ ಮಕ್ಕಳು ಕೆಟ್ಟು ಹೋಗುತ್ತಾರೆ ಅನ್ನುವ ನನ್ನ ವಿಜ್ಞಾನದ ಗೆಳೆಯರಿಗೆ ಇದನ್ನು ಹೇಳುತ್ತಿರುತ್ತೇನೆ.

ಹಾಗಂತ ವಿಜ್ಞಾನದ ಪಾಠದಲ್ಲಿ ಇದನ್ನು ವಿಜ್ಞಾನ ಅಂತ ಹೇಳಿಕೊಡಬಹುದಾ? ಖಂಡಿತ ಇಲ್ಲ. ಇದು ಕೋರ್ಟಿಗೆ ಹೋಗಿ ತೀರ್ಮಾನವಾದ ವಿಷಯ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡೋವರ್ ಅಂತ ಊರು. ಅಲ್ಲಿನ ಶಾಲಾ ಮಂಡಳಿ 2004ರಲ್ಲಿ ಒಂದು ನಿರ್ಣಯ ಮಾಡಿತು. ಒಂಬತ್ತನೇ ತರಗತಿಯ ಜೀವಶಾಸ್ತ್ರದ ಮಕ್ಕಳಿಗೆ ವಿಕಾಸವಾದದಲ್ಲಿ ಕೊರತೆಗಳಿವೆ, ಜೀವಿಗಳನ್ನು ಬುದ್ಧಿಯುಳ್ಳ ಯಾರೋ ರೂಪಿಸಿದರು ಅನ್ನುವ 'ಬುದ್ಧಿವಂತ ವಿನ್ಯಾಸ'ದ ಇನ್ನೊಂದು ವಿವರಣೆಯೂ ಇದೆ ಅಂತ ಒಂದು ಚಿಕ್ಕ ಹೇಳಿಕೆ ಓದಬೇಕು ಅಂತ. ಅಲ್ಲಿನ ಜೀವಶಾಸ್ತ್ರದ ಮೇಷ್ಟ್ರುಗಳು ನಾವು ಓದುವುದಿಲ್ಲ ಅಂದರು. ಆಡಳಿತದವರೇ ತರಗತಿಗೆ ಬಂದು ಓದಿದರು. ತಂದೆತಾಯಿಗಳು ಕೇಸು ಹಾಕಿದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪು ಕೊಟ್ಟರು: ಇದು ವಿಜ್ಞಾನವಲ್ಲ, ಧರ್ಮದ ಮಾತು, ಸರ್ಕಾರಿ ಶಾಲೆಯ ವಿಜ್ಞಾನದ ಪಾಠದಲ್ಲಿ ಇರುವ ಹಾಗಿಲ್ಲ.

ಆ ಪ್ರಕರಣದಲ್ಲಿ ಎರಡು ವಿಷಯ ನನ್ನ ಮನಸ್ಸಿನಲ್ಲಿ ಕೂತಿವೆ. ವಿಕಾಸವಾದದ ಪರವಾಗಿ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ದೇವರನ್ನು ನಂಬುವ ಕ್ಯಾಥೊಲಿಕ್. ಇನ್ನೊಂದು, ಆ ಹೇಳಿಕೆ ಓದಿದ ಮೇಲೆ ಮಕ್ಕಳು ಪ್ರಶ್ನೆ ಕೇಳುವಂತಿರಲಿಲ್ಲ, ಮೇಷ್ಟ್ರು ಉತ್ತರ ಹೇಳುವಂತಿರಲಿಲ್ಲ. ಓದಿದರು, ಹೊರಟರು. ಇದನ್ನು ಓದಿದಾಗ ನನಗೆ ಹಿಂದಿನ ಬೆಂಚಿನ ಆ ಹುಡುಗ ನೆನಪಾದ. ಅವರು ದೇವರ ಪರ, ನಾನು ಆಗ ಸಿಲಬಸ್ಸಿನ ಪರ. ಮಾಡಿದ್ದು ಮಾತ್ರ ಇಬ್ಬರೂ ಒಂದೇ ಕೆಲಸ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ನಮ್ಮ ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಆದರೆ ಧರ್ಮಬೋಧನೆ ಬೇರೆ, ಧರ್ಮಗಳ ಬಗ್ಗೆ ಓದುವುದು ಬೇರೆ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಹೆಚ್ಚುಕಡಿಮೆ ಇದೇ ಗೆರೆ ಎಳೆದಿತ್ತು. ಕಾಗದದ ಮೇಲೆ ಗೆರೆ ಸ್ಪಷ್ಟವಾಗಿದೆ. ತರಗತಿಯಲ್ಲಿ ಅದು ಮೇಷ್ಟ್ರ ದನಿಯ ಮೇಲೆ ನಿಂತಿರುತ್ತದೆ.

ನಂಬುವವರು ಕೂಡ ವಿಜ್ಞಾನದ ಆಸರೆಗೆ ಓಡಬಾರದು ಅಂತ ಹೇಳಿದ ಒಬ್ಬ ಪಾದ್ರಿಯ ಕಥೆ ಹೇಳಿಬಿಡುತ್ತೇನೆ. ಜಾರ್ಜ್ ಲೆಮೈತ್ರ್. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ, ಅದು ಒಂದು ಆದಿ ಪರಮಾಣುವಿನಿಂದ ಶುರುವಾಯಿತು ಅಂತ 1931ರಲ್ಲಿ ಹೇಳಿದವರು. ಮಹಾಸ್ಫೋಟದ ಕಲ್ಪನೆ ಅಲ್ಲಿಂದಲೇ ಬೆಳೆದದ್ದು. 1951ರಲ್ಲಿ ಪೋಪ್ ಹನ್ನೆರಡನೇ ಪಿಯಸ್ ಇದು ಸೃಷ್ಟಿಗೆ ವಿಜ್ಞಾನ ಕೊಟ್ಟ ಸಾಕ್ಷಿ ಅನ್ನುವ ಹಾಗೆ ಮಾತಾಡಿದರು. ಲೆಮೈತ್ರ್‌ಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಕಸಿವಿಸಿಯಾಯಿತು. ನಾಳೆ ಸಿದ್ಧಾಂತ ಬದಲಾದರೆ ದೇವರನ್ನೂ ಬದಲಾಯಿಸುತ್ತೀರಾ? ಈ ಪ್ರಶ್ನೆ ನನ್ನದು, ಅವರ ಬಾಯಲ್ಲಿ ಹಾಕುತ್ತಿಲ್ಲ. ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಮುಂದೆ ಮಾತಾಡುವಾಗ ಪೋಪ್ ಆ ಮಾತು ಎತ್ತಲಿಲ್ಲ.

ತರಗತಿಯಲ್ಲಿ ಅತಿ ಹೆಚ್ಚು ಗಲಾಟೆ ಎಬ್ಬಿಸಿದ್ದು ಪ್ರಾರ್ಥನೆಯ ಪ್ರಯೋಗ. 2006ರಲ್ಲಿ ಅಮೆರಿಕದಲ್ಲಿ ಇದರ ಫಲಿತಾಂಶ ಬಂತು. ಆರು ಆಸ್ಪತ್ರೆ, ಹೃದಯದ ಬೈಪಾಸ್ ಆಪರೇಷನ್ ಆದ 1,802 ರೋಗಿಗಳು, ಮೂರು ಗುಂಪು. ಮೊದಲ ಗುಂಪಿಗೆ ಅಪರಿಚಿತರು ಪ್ರಾರ್ಥನೆ ಮಾಡಿದರು, ಎರಡನೆಯದಕ್ಕೆ ಮಾಡಲಿಲ್ಲ. ಈ ಎರಡಕ್ಕೂ ತಾವು ಯಾವ ಗುಂಪು ಅಂತ ಗೊತ್ತಿರಲಿಲ್ಲ. ಮೂರನೆಯ ಗುಂಪಿಗೆ ಪ್ರಾರ್ಥನೆಯೂ ಇತ್ತು, ಇದೆ ಅಂತ ಹೇಳಿಯೂ ಇದ್ದರು. ತೊಂದರೆ ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ಶೇ. 52, ಎರಡನೆಯದರಲ್ಲಿ ಶೇ. 51, ಮೂರನೆಯದರಲ್ಲಿ ಶೇ. 59.

ಬೋರ್ಡಿನ ಮೇಲೆ ಈ ಮೂರು ಅಂಕಿ ಬರೆದು ನಾನು ಸುಮ್ನೆ ಕೂತೆ. 'ಮುಗೀತು, ದೇವರಿಲ್ಲ' ಅಂದ ಒಬ್ಬ. 'ಅವರ ಮನೆಯವರು ಪ್ರಾರ್ಥನೆ ಮಾಡಿರಲ್ವಾ? ಅದನ್ನ ಹೇಗೆ ತಡೆದ್ರು?' ಅಂತ ಇನ್ನೊಬ್ಬಳು. ತಡೆದಿರಲಿಲ್ಲ, ತಡೆಯಲು ಆಗುವುದೂ ಇಲ್ಲ. ಒಳ್ಳೆ ಪ್ರಶ್ನೆ. ಮೂರನೆಯವನು, 'ದೇವರಿಗೆ ಹೀಗೆ ಪರೀಕ್ಷೆ ಮಾಡೋದು ಇಷ್ಟ ಇಲ್ಲ ಅಂದ್ರೆ?' ಅಂದ. ತಕ್ಷಣ ಹಿಂದಿನಿಂದ ದನಿ ಬಂತು: 'ವಾಸಿಯಾದ್ರೆ ದೇವರು ಮಾಡಿದ ಅಂತೀಯ, ಆಗದಿದ್ರೆ ದೇವರಿಗೆ ಇಷ್ಟ ಇಲ್ಲ ಅಂತೀಯ. ಹಾಗಾದ್ರೆ ಏನಾದ್ರೆ ನೀನು ಸೋತೆ ಅಂತ ಒಪ್ತೀಯ?' ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಏನಾದರೆ ನಾನು ಸೋತೆ ಅಂತ ಒಪ್ಪುತ್ತೇನೆ ಅನ್ನುವುದು ವಿಜ್ಞಾನದ ಹೊಸ್ತಿಲು. ಅದನ್ನು ನಾನು ಎಷ್ಟೋ ವರ್ಷ ವ್ಯಾಖ್ಯೆ ಬರೆಸಿ ಕಲಿಸಲು ಹೋಗಿ ಸೋತಿದ್ದೆ. ಹುಡುಗರು ಅವತ್ತು ಜಗಳ ಆಡುತ್ತಲೇ ಅಲ್ಲಿಗೆ ಬಂದು ನಿಂತಿದ್ದರು.

ಇನ್ನು ಚರ್ಚಾಸ್ಪರ್ಧೆ. ದಯವಿಟ್ಟು ಇಡಬೇಡಿ. 'ದೇವರಿದ್ದಾನೆ, ಪರ ಮತ್ತು ವಿರೋಧ' ಅಂತ ನಾನೂ ಒಮ್ಮೆ ಇಟ್ಟು ಕೈಸುಟ್ಟುಕೊಂಡೆ. ದನಿ ದೊಡ್ಡದಿದ್ದವನು ಗೆದ್ದ. ಸೋತ ಹುಡುಗಿ ಅಳುತ್ತಾ ಮನೆಗೆ ಹೋದಳು, ಮರುದಿನ ಅವಳ ತಂದೆ ಬಂದರು. 'ಏನ್ ಮೇಷ್ಟ್ರೇ, ನಮ್ಮ ದೇವರಿಗೆ ನೀವು ಮಾರ್ಕ್ಸ್ ಹಾಕ್ತೀರಾ?' ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಕ್ಷಮೆ ಕೇಳಿದೆ. ಆಮೇಲಿಂದ ನಾನು ಮಾಡಿದ್ದು ಬೇರೆ. ಅರ್ಧ ಗಂಟೆ ಒಂದು ಪಕ್ಷ, ಆಮೇಲೆ ಎಲ್ಲರೂ ಪಕ್ಷ ಬದಲಿಸಬೇಕು. ದೇವರಿದ್ದಾನೆ ಅಲ್ಲ, 'ಕುಂಬಾರನ ವಾದ ನಿಲ್ಲುತ್ತದೆಯೇ' ಅನ್ನುವುದು ವಿಷಯ. ಅಳು ನಿಂತಿತು. ಪಕ್ಷ ಬದಲಿಸುವಾಗ ಮಕ್ಕಳು ಬೆಂಚು ಬದಲಿಸುವ ಗದ್ದಲ ಮಾತ್ರ ಪಕ್ಕದ ತರಗತಿಗೂ ಕೇಳಿಸುತ್ತಿತ್ತು.

ಚಿಕ್ಕ ಮಕ್ಕಳಿಗೆ ಇದು ಬೇಡ. ಎಂಟನೇ ತರಗತಿಗಿಂತ ಮೊದಲು ನಾನು ಮುಟ್ಟುವುದಿಲ್ಲ. ಮೇಷ್ಟ್ರು ತನ್ನ ನಂಬಿಕೆ ಹೇಳಬೇಕೇ ಅಂದರೆ, ಮಗು ಕೇಳಿದರೆ ಹೇಳಬಹುದು, ಆದರೆ ವರ್ಷದ ಕೊನೆಗೆ. ಮೊದಲೇ ಹೇಳಿದರೆ ಅರ್ಧ ತರಗತಿ ನಿಮ್ಮನ್ನು ಮೆಚ್ಚಿಸಲು ಬರೆಯುತ್ತದೆ.

ಅದಕ್ಕೂ ಒಂದು ಪುರಾವೆ ಇದೆ. ಒಂದು ವರ್ಷ ಹತ್ತು ಅಂಕದ ಪ್ರಶ್ನೆ ಕೊಟ್ಟೆ: ಉದಯನನ ವಾದಕ್ಕೆ ಅತಿ ಗಟ್ಟಿಯಾದ ಆಕ್ಷೇಪ ಬರೆದು, ಉದಯನ ಏನು ಉತ್ತರ ಕೊಡಬಹುದು ಹೇಳಿ. ಒಬ್ಬಳು ಉದಯನನೇ ಗೆದ್ದ ಅಂತ ಮುಗಿಸಿದ್ದಳು, ಎಂಟು ಕೊಟ್ಟೆ. ಒಬ್ಬ ಕುಮಾರಿಲ ಗೆದ್ದ ಅಂದಿದ್ದ, ಅವನಿಗೂ ಎಂಟು. ಮೂರನೆಯವನು ಎರಡು ಪುಟ ದೇವರಿಲ್ಲ, ವಿಜ್ಞಾನವೇ ಸತ್ಯ ಅಂತ ಸೊಗಸಾದ ಅಕ್ಷರದಲ್ಲಿ ಬರೆದಿದ್ದ. ಆಕ್ಷೇಪವೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಮೂರು ಕೊಟ್ಟೆ. ಪೇಪರ್ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದ. 'ಸರ್, ನೀವು ವಿಜ್ಞಾನದ ಮೇಷ್ಟ್ರು. ನಿಮಗೆ ಇದೇ ಇಷ್ಟ ಅಂದುಕೊಂಡೆ' ಅಂದ. ಕುರ್ಚಿ ಎಳೆದು ಕೂರಿಸಿದೆ. ಕಪಾಟಿನಿಂದ ಆ ಕುಡಿಕೆ ತೆಗೆದು ಅವನ ಮುಂದಿಟ್ಟು, ಮೊದಲಿನಿಂದ ಶುರು ಮಾಡಿದೆವು.